ದೇವವ್ವನ ಉಪ್ಪು

ಸಾರು ಕುದಿ ಬರುತ್ತಿದ್ದಾಗ ಮುಂಡರಗಿಯ ಮೇಲೆ ಮಳೆ ಒಮ್ಮೆಲೇ ಸುರಿಯಿತು. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತರಲು ಓಡಿದೆ. ಕೆಳಗೆ ಬರುವಷ್ಟರಲ್ಲಿ ಕರೆಂಟ್ ಹೋಗಿತ್ತು. ಒಲೆ ಆರಿಸಿ, ಮೊಬೈಲಿನ ಬೆಳಕಿನಲ್ಲಿ ಎಲ್ಲರಿಗೂ ನಡುಮನೆಯಲ್ಲೇ ಬಡಿಸಿದೆ. ಮಳೆಗೆ ಸಿಕ್ಕಿಕೊಂಡ ಪಕ್ಕದ ಮನೆಯ ನಸ್ರೀನಳೂ ನಮ್ಮ ಜೊತೆ ಊಟಕ್ಕೆ ಕೂತಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ವಾರದ ಹಿಂದೆ ಡಂಬಳದಿಂದ ಬಂದ ಅವ್ವ ಮಂಚದ ಮೇಲಿದ್ದಳು. ಹೆತ್ತವಳು ದೇವವ್ವ ನನಗೆ ಮೂರು ವರ್ಷವಿದ್ದಾಗಲೇ ಹೋದಳು. ನಾನು ಅವ್ವ ಎನ್ನುವುದು ಆಮೇಲೆ ಬಂದ ಈ ಶೇಖವ್ವನಿಗೆ. ಅಪ್ಪ ತೀರಿಕೊಂಡಾಗ ತಾಳಿ ತೆಗೆದವಳು ಕೊರಳಿನ ಬೆಳ್ಳಿ ಪದಕವನ್ನು ಮಾತ್ರ ಇಂದಿಗೂ ತೆಗೆದಿಲ್ಲ.

ದೆವ್ವದ ಕತೆ ಹೇಳೆಂದು ನನ್ನ ಮಗಳು ಮಮತಾ ಗಂಟುಬಿದ್ದಳು. ಅವ್ವ ಒಂದು ತುತ್ತು ಬಾಯಿಗಿಟ್ಟು, ಯಾಕೋ ನನ್ನ ಮುಖ ನೋಡಿ, ಶುರು ಮಾಡಿದಳು.

"ಕೇಳ್ರಿ ಹಂಗಾರ... ಒಂದ ಮಳಿಗಾಲದಾಗ ನನ್ನ ಮೊದಲ ಗಂಡನೂ ಹೋದ, ಮೊಲಿ ಬಿಡದ ಕೂಸೂ ಹೋತು. ನಾ ಅಳಲಿಲ್ಲ, ಕಲ್ಲಾಗಿಬಿಟ್ಟೆ. ಎರಡ ವರ್ಷದ ಮ್ಯಾಲ ತವರವರು ಡಂಬಳಕ್ಕ, ಹೇಂತಿ ಸತ್ತ ನಿಮ್ಮಜ್ಜಗ ಕೊಟ್ಟು ಉಡಿಕಿ ಮದುವಿ ಮಾಡಿದ್ರು. ತಾಳಿ ಜೋಡಿ ಸತ್ತಾಕಿ ಹೆಸರಿಲೆ ಈ ಪದಕಾನೂ ಕಟ್ಟಿದ್ರು, ಆಕಿ ಮುನಿಸು ಮಾಡಬಾರ್ದಂತ. ಕೊರಳಾಗ ಸವತೀನ್ನ ಹೊತ್ಗೊಂಡ ಮನಿ ಹೊಕ್ಕಾಕಿ ನಾನು...

"ಈ ಶೈಲಾ ಆಗ ಮೂರ ವರ್ಷದ ಕೂಸು. ತಾಯಿ ಸತ್ತ ಮ್ಯಾಲ ಯಾರ ಕೈಯಾಗಿನ ತುತ್ತೂ ಒಲ್ಲದು, ಬರೇ ಹಾಲಿನ ಮ್ಯಾಲ ಜೀವ ಹಿಡಿದಿತ್ತು. ನೋಡಿದ ಕೂಡ್ಲೆ ನನಗ ಅನಿಸ್ತು, ಇದು ನನ್ನದಾಗಬೇಕು... ಅನಿಸಿದ್ದ ತಪ್ಪಾತೋ ಏನೋ. ಮೊದಲ ದಿನದ ಸಾರು ಬಾಯಾಗ ಇಡಾಕ ಆಗಲಿಲ್ಲ, ಅಷ್ಟು ಉಪ್ಪು. ಮರುದಿನ ಕಡಿಮಿ ಹಾಕಿದೆ, ಅವತ್ತೂ ಹಂಗ. ಉಪ್ಪಿನ ಗಡಗಿ ಮಗ್ಗಲಾಗ ಇಟ್ಕೊಂಡ ಕುಂತೆ, ಆದ್ರೂ ಹಂಗ. ಯಾರ ಹಾಕ್ತಿದ್ರು ಹೇಳ್ರಿ? ನಿಮ್ಮಜ್ಜ ಬೈಲಿಲ್ಲ. ದೇವವ್ವನ ಕೈ ಹದ ಬ್ಯಾರೇನ ಇತ್ತು ಅಂದ್ರು, ಅಷ್ಟ. ಬೈದಿದ್ರ ತಡಕೋತಿದ್ದೆ...

"ಹಿರೇವಡ್ಡಟ್ಟಿಯಿಂದ ಇಕಿ ಸೋದರತ್ತಿ ಬಂದ್ಲು. ಉಪ್ಪು ಹಾಕಾಕ ಬರಲಾರದಾಕಿ ಕೂಸನ್ನ ಏನ ಸಾಕ್ತಾಳ, ಮುಂಜಾನಿ ಬಸ್ಸಿಗೆ ಕರ್ಕೊಂಡ ಹೋಗ್ತೀನಿ ಅಂದ್ಲು. ಒಂದ ಕೂಸನ್ನ ಮಣ್ಣಿಗೆ ಕೊಟ್ಟಾಕಿ, ಇನ್ನೊಂದನ್ನ ಬಸ್ ಹತ್ತಿಸಿ ಕಳಸ್ಲೇನು? ಒಲಿ ಮುಂದ ಕುಂತು, ಪದಕ ಹಿಡಿದು ಅಂದೆ: 'ಹೊಟ್ಟಿಕಿಚ್ಚಿನಾಕಿ, ಇವತ್ತ ನಾ ಉಪ್ಪು ಮುಟ್ಟಂಗಿಲ್ಲ, ನೀನ ಹಾಕು. ಕೂಸು ಹೋದ್ರ ನನಗೂ ಇಲ್ಲ, ನಿನಗೂ ಇಲ್ಲ.'

"ಹಂಗ ಇಳಿಸಿದೆ. ಅನ್ನ ಕಲಸಿ ತುತ್ತು ಮುಂದ ಹಿಡಿದೆ... ಬಾಯಿ ತೆಗೀತು ಕೂಸು. ತಾಟು ಖಾಲಿ ಮಾಡಿ ನನ್ನ ತೊಡಿ ಮ್ಯಾಲ ಮಲಗಿಬಿಡ್ತು. ಅವತ್ತ ನನ್ನ ಹಡದ ಕೂಸನ್ನ ನೆನಸಿ ಮೊದಲನೇ ಸಲ ಅತ್ತೆ. ನಿಮ್ಮಜ್ಜ ಮಗ್ಗಲಾಗ ಬಂದ ಕುಂತ್ರು, ತಮ್ಮ ಶಲ್ಯೆದಿಂದ ನನ್ನ ಮಾರಿ ಒರಿಸಿದ್ರು. ಅತ್ತಿ ಒಬ್ಬಾಕೀನ ಬಸ್ ಹತ್ತಿದ್ಲು. ಅವತ್ತಿನಿಂದ ನಾ ಸಾರಿಗೆ ಉಪ್ಪು ಹಾಕಿಲ್ಲ. ಹದ ತಪ್ಪಿಲ್ಲ.

"ಹೊಟ್ಟಿಕಿಚ್ಚು ಹೋತೇನು? ಎಲ್ಲಿ ಹೋಗ್ತೈತಿ... ಉಣಿಸಿದ್ದು ನನ್ನ ಕೈ, ಕೂಸು ಉಂಡದ್ದು ಆಕಿ ಉಪ್ಪು."

ಅವ್ವ ನನ್ನ ಕಡೆ ತಿರುಗಿದಳು. ನಸ್ರೀನ ತುತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

"ಶೈಲಾ, ಇವತ್ತ ಸಾರಿಗೆ ಉಪ್ಪು ಹಾಕಿದ್ಯೇನು?"

ಕುದಿ, ಮಳೆ, ಮೆಣಸಿನಕಾಯಿ, ಕತ್ತಲು... ನಾನು ಹಾಕಿರಲಿಲ್ಲ. ಮಮತಾ ಆಗಲೇ ತಾಟು ನೆಕ್ಕಿ ಮುಗಿಸಿದ್ದಳು.

"ಹದ ಐತಲ್ಲ?" ಅವ್ವ ಪದಕ ಸವರಿದಳು. "ನಾ ಇಲ್ಲಿಗೆ ಬಂದೆ, ಹಿಂದಿಂದ ಆಕೀನೂ ಬಂದ್ಲು. ನಿನ್ನ ನನ್ನೊಬ್ಬಾಕಿಗೆ ಬಿಡಂಗಿಲ್ಲ ಆಕಿ... ಬಿಡೋದು ಬ್ಯಾಡ. ನಾ ಸತ್ತ ಮ್ಯಾಲ ನಿನ್ನ ಸಾರಿಗೆ ಉಪ್ಪು ಜಾಸ್ತಿ ಆತಂದ್ರ ಬೈಬ್ಯಾಡವ್ವ. ಆಕಿಗೆ ಬಿಟ್ಟುಕೊಟ್ಟು ಸುಮ್ಮನ ಕುಂಡ್ರಾಕಿ ಅಲ್ಲ ನಾನು."