ಲಮ್ಯಾಯ್ ಕೈಗೆ ಹೊಡೆಯುವ ತಿರುವು

ಕಬ್ಬು ನುರಿಯುವ ಹಂಗಾಮಿನಲ್ಲಿ ತಾಖ್ಲಿ ಕಡೆ ಮಳೆ ಬರುವುದಿಲ್ಲ, ಬರಲೂಬಾರದು. ಆ ವರ್ಷ ಬಂತು. ಮಧ್ಯಾಹ್ನ ಹಿಡಿದ ಮಳೆಗೆ ಸಕ್ಕರೆ ಕಾರ್ಖಾನೆಯ ಅಂಗಳವೆಲ್ಲ ಕೆಸರೆದ್ದು, ತೂಕದ ಕಟ್ಟೆಯ ಮುಂದೆ ನಿಂತ ಹತ್ತು ಚಕ್ರದ ಲಾರಿಗಳ ಸಾಲು ಒಂದು ಮಾರೂ ಮುಂದೆ ಸರಿಯಲಿಲ್ಲ. ಡ್ರೈವರುಗಳು ಹಾರನ್ ಹೊಡೆದು ಹೊಡೆದು ಸಾಕಾಗಿ, ಕಾರ್ಖಾನೆಯವರನ್ನು ಬೈದು ಬಾಯಿ ನೋಯಿಸಿಕೊಂಡು, ಕೊನೆಗೆ ಗೇಟಿನ ಪಕ್ಕದ ಸಮ್ರುಯ್ ಅಜ್ಜಿಯ ತಗಡಿನ ಚಪ್ಪರದಡಿ ಬಂದು ಸೇರಿಕೊಂಡರು. ಅಜ್ಜಿ ಅಲ್ಲಿ ನೂಡಲ್ಸ್ ಸಾರು ಮಾರುತ್ತಿದ್ದಳು, ಬೈಗುಳವನ್ನು ಪುಕ್ಕಟೆಯಾಗಿ ಕೊಡುತ್ತಿದ್ದಳು.

ಅವರಲ್ಲಿ ಥವತ್ ಎಂಬ ಹುಡುಗ ಮಾತ್ರ ಸಾರಿನ ಬಟ್ಟಲು ಮುಟ್ಟದೆ ಕುಳಿತಿದ್ದ. ಈ ದಾರಿಯಲ್ಲಿ ಕಬ್ಬು ಹೊಡೆಯುವುದು ಅವನಿಗೆ ಇದೇ ಮೊದಲ ಹಂಗಾಮು. ಅಣ್ಣ ಬಂಚೊಂಗ್ ಇಲ್ಲಿ ಬಹಳ ಕಾಲದಿಂದ ಲಾರಿ ಓಡಿಸುತ್ತಿದ್ದವನು, ತಮ್ಮನಿಗೆ ಲಾರಿ ಕಲಿಸಿದವನೂ ಅವನೇ. ಅರಳಿಮರದ ತಿರುವು ಬಂದಾಗ ಮೂರು ಸಲ ಹಾರನ್ ಹೊಡೆದು, ಅಲ್ಲಿಯ ಗುಡಿಗೆ ಎರಡೂ ಕೈ ಎತ್ತಿ ಮುಗಿಯಬೇಕು ಎಂದು ಹೇಳಿಕೊಟ್ಟವನೂ ಅವನೇ. ಥವತ್ ಅಂದು ಬೆಳಗ್ಗೆ ಹಾಗೇ ಮುಗಿದಿದ್ದ. ಆಗ ಏನೋ ಅವನ ಮಣಿಕಟ್ಟಿಗೆ ರಪ್ಪನೆ ಬಡಿದಿತ್ತು. ಕ್ಯಾಬಿನ್ನಿನಲ್ಲಿ ಅವನೊಬ್ಬನೇ ಇದ್ದ.

ಕೊನೆಗೆ ಅವನು ಬಟ್ಟಲು ಎತ್ತಿದಾಗ ಅಂಗಿಯ ತೋಳು ಹಿಂದೆ ಸರಿದು, ಕೆಂಪಗೆ ಬಾತ ನಾಲ್ಕು ಬೆರಳಿನ ಗುರುತು ಎಲ್ಲರ ಕಣ್ಣಿಗೂ ಬಿತ್ತು.

"ಯಾವಳೋ ಅದು, ಇಷ್ಟು ಗಟ್ಟಿಯಾಗಿ ಕೈ ಹಿಡ್ದಿದ್ದು?" ಎಂದ ಬಂಚೊಂಗ್. ಚಪ್ಪರದಡಿಯ ಎಲ್ಲರೂ ನಕ್ಕರು.

ಅಜ್ಜಿ ನಗಲಿಲ್ಲ. ಸೌಟು ಇಟ್ಟು ಬಂದು ಥವತ್‌ನ ಕೈ ಎಳೆದುಕೊಂಡು, ಆ ಗುರುತಿನ ಮೇಲೆ ತನ್ನ ಬೆರಳುಗಳನ್ನು ಇಟ್ಟು ನೋಡಿದಳು. ಹೆಚ್ಚು ಕಡಿಮೆ ಸರಿಹೋಯಿತು. ಆಮೇಲೆ ತಲೆ ಚಚ್ಚಿಕೊಂಡಳು.

"ಕೂತ್ಕಳ್ಳಿ ಎಲ್ರೂ," ಎಂದಳು. "ಫೋನು ಒಳಗಿಡಿ. ನಾನು ಮಾತಾಡೋವಾಗ ಫೋನ್ ನೋಡಿದವನ ಬಟ್ಲಿಗೆ ಕೈ ತೊಳೆದ ನೀರು ಹಾಕ್ತೀನಿ. ಇದನ್ನ ದೆವ್ವದ ಕತೆ ಅನ್ಬೇಡಿ ನಂಗೆ. ದೆವ್ವದ ಕತೇಲಿ ದೆವ್ವಕ್ಕೆ ಬುದ್ಧಿ ಇರಲ್ಲ, ಮನುಷ್ಯರಿಗೆ ಇರುತ್ತೆ. ಇಲ್ಲಿ ಉಲ್ಟಾ.

"ಆ ಗುಡೀಲಿರೋಳು ನಮ್ಮಕ್ಕ ಲಮ್ಯಾಯ್. ನಿಮಗೆ ಅವಳು ತಿರುವಿನಮ್ಮ, ನಂಗೆ ಒಂದೇ ಚಾಪೇಲಿ ಮಲಗಿ ಬೆಳೆದ ಅಕ್ಕ. ಆ ಅರಳಿಮರದ ಕೆಳಗೆ ಒಲೆ ಹೂಡ್ಕಂಡು, ಬಿದಿರು ಕೊಳವೇಲಿ ಅಂಟಕ್ಕಿ, ತೆಂಗಿನಹಾಲು ತುಂಬಿ ಸುಟ್ಟು ಮಾರ್ತಿದ್ಲು. ಬಾಯಿ ಅಂದ್ರೆ ಬಾಯಿ... ನಂದೇನೂ ಅಲ್ಲ ಅವಳ ಮುಂದೆ. ಗಿರಾಕಿ ಎಲ್ಲೋ ನೋಡ್ಕಂಡು ಕೈ ಚಾಚಿದ್ರೆ ಚಟ್ ಅಂತ ಕೈ ಮೇಲೆ ಒಂದೇಟು. 'ಬಿಸಿ ಐತೆ, ಇಲ್ ನೋಡು' ಅನ್ನೋಳು. ಹೊಡೆಸ್ಕಂಡೋರು ನಕ್ಕಂಡು ಇನ್ನೊಂದು ಕೊಳವೆ ತಗೊಂಡು ಹೋಗೋರು.

"ಆಗ ಗುಡಿ ಇರ್ಲಿಲ್ಲ, ಮರ ಒಂದೇ. ಮರಕ್ಕೆ ಬಣ್ಣದ ಬಟ್ಟೆ ಸುತ್ತಿದ್ರು, ಹೋಗೋ ಬರೋ ಡ್ರೈವರುಗಳು ಕೈ ಮುಗಿಯೋರು. ಅದರಲ್ಲಿ ಸಂಗ್ವಿಯನ್ ಅಂತ ಒಬ್ಬ. ಅವನಂಥ ಒಳ್ಳೇ ಮನುಷ್ಯನ್ನ ನಾನು ನೋಡಿಲ್ಲ ಕಣ್ರೋ, ಅದೇ ಹೊಟ್ಟೆ ಉರಿಯೋದು. ಕುಡಿಯಲ್ಲ, ನಿದ್ದೆಗೆಡೋ ಮಾತ್ರೆ ನುಂಗಲ್ಲ. ಕನ್ನಡೀಗೆ ಮಲ್ಲಿಗೆ ಹಾರ, ಮುಂದೆ ಸಾಲಾಗಿ ಬುದ್ಧನ ಬಿಲ್ಲೆಗಳು, ತಲೆ ಮೇಲಿನ ತಗಡಿನ ಮೇಲೆ ವಿಹಾರದ ಗುರುಗಳು ಬರೆದ ಬಿಳೀ ಯಂತ್ರ. ಕಬ್ಬು ಮಾತ್ರ ಎಲ್ಲರಂಗೇ ಲಾರಿಗಿಂತ ಎತ್ತರಕ್ಕೆ ಪೇರಿಸೋನು... ಅದು ಪಾಪ ಅಂತ ಯಾವ ಗುರುಗಳೂ ಅವನಿಗೆ ಹೇಳಿರ್ಲಿಲ್ಲ ಅಂತ ಕಾಣುತ್ತೆ. ಒಂದಿನ ಹಾಡಹಗಲಲ್ಲಿ, ಒಣಗಿದ ರಸ್ತೇಲಿ, ಆ ತಿರುವಿಗೆ ಬಂದ. ಎರಡೂ ಕೈ ಎತ್ತಿದ, ಹಣೆಗೆ ಮುಟ್ಟಿಸಿದ, ಭಕ್ತಿ ಜಾಸ್ತಿ ಆಗಿ ಕಣ್ಣೂ ಮುಚ್ಚಿದ. ಕಾಪಾಡು ಅಂತ ಕೇಳ್ಕೊಳ್ಳೋಕೆ ಸ್ಟಿಯರಿಂಗ್ ಬಿಟ್ಟ ಅವನು. ಎಡಗಡೆ ಚಕ್ರ ರಸ್ತೆ ಬಿಟ್ಟು ಇಳೀತು, ಲೋಡು ವಾಲ್ತು, ಸರಪಳಿ ಕಿತ್ತು ಬಂತು... ಒಲೆ ಮುಂದೆ ಕೂತಿದ್ದ ನಮ್ಮಕ್ಕನ ಮೇಲೆ ಅಷ್ಟೂ ಕಬ್ಬು. ಜಲ್ಲೆ ಎಲ್ಲ ಎತ್ತಿ ಹಾಕಿ ಅವಳನ್ನ ಹೊರಗೆ ತಗಿಯೋ ಹೊತ್ತಿಗೆ ಒಲೇಲಿದ್ದ ಅನ್ನ ಸೀದು ಹೋಗಿತ್ತು."

ಅಜ್ಜಿ ಒಲೆಗೆ ಒಂದು ಸೌದೆ ತುರುಕಿದಳು. ತಗಡಿನ ಮೇಲೆ ಮಳೆ ಜೋರಾಯಿತು. ಥವತ್ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕುಳಿತಿದ್ದ. ತಾನು ಬೆಳಗ್ಗೆ ಸತ್ತವಳೊಬ್ಬಳ ಏಟು ತಿಂದೆನೇ, ತಿಂದಿದ್ದರೆ ನಾಳೆ ಆ ತಿರುವಿನಲ್ಲಿ ಲಾರಿ ಹೇಗೆ ಹೊಡೆಯುವುದು ಎಂಬ ಭಯ ಅವನಿಗೆ.

"ಸಂಗ್ವಿಯನ್ ತಲೆ ಬೋಳಿಸ್ಕಂಡು ಒಂದು ಮಳೆಗಾಲ ಭಿಕ್ಷುವಾಗಿದ್ದು ಬಂದ. ಬಂದು ಏನು ಮಾಡ್ದ ಹೇಳಿ? ಇನ್ನುಮೇಲೆ ಎರಡೂ ಕೈಲಿ ಸ್ಟಿಯರಿಂಗ್ ಹಿಡೀತೀನಿ ಅಂದ್ನಾ? ಅಕ್ಕ ಸತ್ತ ಜಾಗದಲ್ಲೇ ಅವಳಿಗೊಂದು ಗುಡಿ ಕಟ್ಸಿದ. ಒಳಗೊಂದು ಗೊಂಬೆ ಕೂರಿಸ್ದ. ಬರೀ ಮರಕ್ಕೆ ಮುಗೀತಿದ್ದೋರು ಆಮೇಲೆ ಮರಕ್ಕೊಂದ್ಸಲ, ಗುಡಿಗೊಂದ್ಸಲ ಮುಗಿಯೋಕೆ ಶುರುಮಾಡಿದ್ರು. ಆದ್ರೂ ಅಲ್ಲೇ ಇನ್ನೊಂದು ಲಾರಿ ಬಿತ್ತು. ಲಮ್ಯಾಯ್‌ಗೆ ಸಿಟ್ಟು ಬಂದೈತೆ ಅಂತ ರೇಷ್ಮೆ ಬಟ್ಟೆ ತಂದು ನೇತುಹಾಕಿದ್ರು. ಮತ್ತೊಂದು ಬಿತ್ತು. ಬಾಯಾರಿಕೆ ಆಗಿರ್ಬೇಕು ಅಂತ ಕೆಂಪು ಸೋಡಾ ಬಾಟ್ಲಿ, ಅದಕ್ಕೊಂದು ಸ್ಟ್ರಾ. ಇನ್ನೂ ಬಿತ್ತು. ರಸ್ತೆ ದಾಟೋ ಪಟ್ಟೆಗೆ ಜೀಬ್ರಾ ಅಂತಾರಲ್ಲ, ಅದಕ್ಕೆ ಅಪಾಯ ತಪ್ಪುತ್ತೆ ಅಂತ ಜೀಬ್ರಾ ಗೊಂಬೆ ಸಾಲಾಗಿ ನಿಲ್ಸಿದ್ರು. ಅಲ್ಲ, ನಮ್ಮಕ್ಕ ಹುಟ್ಟಿದ ಮೇಲೆ ಒಂದು ಜೀಬ್ರಾನೂ ನೋಡಿದೋಳಲ್ಲ, ಅವಳಿಗೆ ಅಷ್ಟೊಂದು ಜೀಬ್ರಾ ಯಾತಕ್ಕೆ? ಬಂದೋರೆಲ್ಲ ಆ ಜಾತ್ರೆ ನೋಡ್ತಾರೆ, ರಸ್ತೆ ನೋಡೋನು ಒಬ್ಬನೂ ಇಲ್ಲ. ಈಗಂತೂ ಒಂದು ಕೈಲಿ ನಮಸ್ಕಾರ, ಇನ್ನೊಂದು ಕೈಲಿ ಫೋನು. ವಿಡಿಯೋ ಮಾಡಿ ಗ್ರೂಪಿಗೆ ಹಾಕ್ತಾರಂತೆ, ಪುಣ್ಯ ಹಂಚ್ಕಳ್ಳೋಕೆ."

"ಅಜ್ಜಿ, ಹಂಗಾದ್ರೆ ಕೊಲ್ತಿರೋದು ಅವಳಲ್ವಾ?" ಎಂದ ಒಬ್ಬ.

"ಕೊಲ್ಲೋಳಾ? ಕೇಳು. ಅಕ್ಕನ ವರ್ಷದ ದಾನ ಕೊಡೋಕೆ ವಿಹಾರಕ್ಕೆ ಹೋಗ್ಬೇಕಿತ್ತು, ಸಂಗ್ವಿಯನ್ ತನ್ನ ಲಾರೀಲಿ ಹತ್ತಿಸ್ಕಂಡ. ತಿರುವು ಬಂತು. ಮೂರು ಹಾರನ್ ಹೊಡೆದು ಕೈ ಎತ್ತಿದ... ನಾನು ಪಕ್ಕದಲ್ಲೇ ಕೂತು ಕಣ್ಣಾರೆ ನೋಡಿದ್ದು. ಎತ್ತಿದ ಕೈ ಎದೆ ತನಕ ಬಂದಿತ್ತು, ಅಷ್ಟರಲ್ಲಿ ಯಾರೋ ಮೇಲಿಂದ ಹೊಡೆದಂಗೆ ರಪ್ಪಂತ ಸ್ಟಿಯರಿಂಗ್ ಮೇಲೆ ಬಿತ್ತು. ಬಿದ್ದ ಕೈ ಮೇಲಕ್ಕೇಳಲಿಲ್ಲ. ಬೆರಳ ಮೇಲೆ ಬೆರಳು ಒತ್ತಿದ ಗುಳಿ ನಂಗೆ ಕಾಣ್ತಿತ್ತು, ಒತ್ತಿದೋರು ಕಾಣ್ತಿರ್ಲಿಲ್ಲ. ಲಾರಿ ಒಳಗೆಲ್ಲ ಸೀದ ಬಿದಿರಿನ ವಾಸನೆ. ತಿರುವು ದಾಟಿದ ಮೇಲೇ ಅವನ ಕೈ ಬಿಟ್ಟಿದ್ದು. ಮಣಿಕಟ್ಟಲ್ಲಿ ಈ ಹುಡುಗನಿಗೆ ಮೂಡಿದಂಗೇ ಗುರುತು, ಅದರ ಮೇಲೆ ಅಂಟಕ್ಕಿ ಅಗಳು.

"ನಂಗೆ ಭಯ ಆಗ್ಲಿಲ್ಲ, ಅಳು ಬಂತು. ಸತ್ತ ಮೇಲೂ ಇವಳಿಗೆ ಇದೇ ಕೆಲ್ಸನಾ ಅಂತ. ಸಂಗ್ವಿಯನ್ ಏನಂದ ಗೊತ್ತಾ? 'ಲಮ್ಯಾಯಮ್ಮ ನಂಗೆ ಆಶೀರ್ವಾದ ಮಾಡಿದ್ಲು' ಅಂದ. ನಾನು ಬಾಯಿ ಬಡ್ಕೊಂಡೆ. ಲೋ, ಅದು ಆಶೀರ್ವಾದ ಅಲ್ಲ, ಏಟು. ಕೈ ಬಿಡಬೇಡ ಅಂತ ಹೊಡೀತಾವ್ಳೆ ಅಂದೆ. ಅವನು ಆ ಗುರುತಿಗೆ ಗುರುಗಳ ಹತ್ರ ದಾರ ಕಟ್ಟಿಸ್ಕಂಡ.

"ಸರಿ, ಇವರಿಗೆ ಬಾಯಲ್ಲಿ ಹೇಳಿದ್ರೆ ಆಗಲ್ಲ ಅಂತ, ನಾನೇ ಹೋಗಿ ಗೊಂಬೆ ಎತ್ತಿ ಬುಟ್ಟೀಲಿ ಹಾಕ್ಕೊಂಡು ಮನೆಗೆ ತಂದೆ. ಬೆಳಗಾದ್ರೆ ಗುಡಿ ಖಾಲಿ. ತಿರುವಿನಮ್ಮ ಗುಡಿ ಬಿಟ್ಟು ಓಡಾಡ್ತಾವ್ಳೆ ಅಂತ ಡ್ರೈವರುಗಳೆಲ್ಲ ನಡುಗಿ ಹೋದ್ರು. ಆಗ ನೋಡಬೇಕಿತ್ತು ನೀವು... ತಿರುವು ಬಂದ್ರೆ ಗೇರ್ ಇಳಿಸಿ, ಎರಡೂ ಕೈಲಿ ಸ್ಟಿಯರಿಂಗ್ ಅಪ್ಪಿಕೊಂಡು, ಎಲ್ಲಿ ಅಡ್ಡ ಬರ್ತಾಳೋ ಅಂತ ರಸ್ತೆ ಬಿಟ್ಟು ಕಣ್ಣು ಆಚೆ ಈಚೆ ತಿರುಗಿಸದಂಗೆ ಹೋಗೋರು. ಆ ಹಂಗಾಮು ಪೂರ್ತಿ ಒಂದು ಜಲ್ಲೇನೂ ಕೆಳಗೆ ಬೀಳ್ಲಿಲ್ಲ. ನಂಗೆ ನೆಮ್ಮದಿಯಾಗಿ ನಿದ್ದೆ ಬಂತು. ಮುಂದಿನ ಹಂಗಾಮಿಗೆ ಎಲ್ಲ ಸೇರಿ ಹೊಸ ಗೊಂಬೆ ತಂದ್ರು, ದೊಡ್ಡದು. ಮಿನುಗೋ ಬಲ್ಬೂ ಹಾಕಿದ್ರು. ಇವರಿಗೆ ಏನು ಹೇಳೋಣ?

"ಅಕ್ಕ ಹೊಡೀತಾನೇ ಇದ್ಲು. ಯಾರ್ಯಾರು ಕೈ ಬಿಡ್ತಾರೋ ಅವರಿಗೆಲ್ಲ. ಇಲ್ಲೇ ಬಂದು ಕೂತು ಊಟ ಮಾಡೋರಲ್ಲ, ಅವರ ಕೈ ನೋಡಿ ನಂಗೆ ಗೊತ್ತಾಗ್ತಿತ್ತು. ಆದ್ರೆ ನೀವೇ ಯೋಚ್ನೆ ಮಾಡಿ, ಒಂದೇ ಮಗೂಗೆ ಒಂದೇ ತಪ್ಪಿಗೆ ತಾಯಾದ್ರೂ ಎಷ್ಟು ವರ್ಷ ಹೊಡೀತಾಳೆ? ಒಂದಿನ ಸಂಗ್ವಿಯನ್ ಈ ಬೆಂಚಿನ ಮೇಲೇ ಕೂತು, ಎರಡೂ ಕೈ ತೋರಿಸಿ ನಕ್ಕ. 'ನೋಡಕ್ಕ, ಈಗೀಗ ನಂಗೆ ಹೊಡಿಯೋದೇ ಇಲ್ಲ. ನನ್ನ ಮೇಲಿನ ಸಿಟ್ಟು ಇಳೀತು ಅವಳಿಗೆ' ಅಂದ. ನಂಗೂ ಸಂತೋಷ ಆಯ್ತು ಕಣ್ರಪ್ಪ, ಸುಳ್ಳು ಯಾಕೆ ಹೇಳ್ಲಿ. ಕ್ಷಮಿಸಿರ್ಬೇಕು ಅಂದ್ಕಂಡೆ. ಅದೇ ವಾರ ಅವನ ಲಾರಿ ಆ ತಿರುವಲ್ಲಿ ಕಾಲುವೆಗೆ ಹೋಯ್ತು. ಅವನ ಹೆಣ ಎತ್ತಿದಾಗ... ಕೈ ಮುಗಿದಂಗೇ ಇತ್ತು."

ಥವತ್ ಮೆಲ್ಲನೆ ತನ್ನ ಮಣಿಕಟ್ಟಿನ ಮೇಲಿಂದ ಕೈ ತೆಗೆದು ನೋಡಿಕೊಂಡ. ಬಾವು ಇನ್ನೂ ಹಾಗೇ ಇತ್ತು. ಅವನಿಗೆ ಆ ನೋವಿನ ಮೇಲೆ ಮೊದಲ ಸಲ ಪ್ರೀತಿ ಬಂತು.

"ಹೆದರ್ಕೋಬೇಡ," ಎಂದಳು ಅಜ್ಜಿ ಅವನಿಗೆ. "ನಿನ್ನ ಮೇಲೆ ಅವಳಿಗೆ ಇನ್ನೂ ಆಸೆ ಐತೆ. ನಾಳೆಯಿಂದ ಕೈ ಬಿಡಬೇಡ, ಅವಳೂ ಸುಮ್ನಿರ್ತಾಳೆ."

ಬಂಚೊಂಗ್ ಜೋರಾಗಿ ಆಕಳಿಸಿ ಎದ್ದು ನಿಂತ. ಅವನ ಲಾರಿ ಮಳೆಗೆ ಮೊದಲೇ ಕಬ್ಬು ಇಳಿಸಿ, ಹೊಲಕ್ಕೆ ಹಾಕುವ ಕಾರ್ಖಾನೆಯ ಮಡ್ಡಿ ಗೊಬ್ಬರವನ್ನು ತುಂಬಿಕೊಂಡು ಗೇಟಿನ ಹೊರಗೆ ನಿಂತಿತ್ತು. ಹಸಿ ಮಡ್ಡಿ ಮಳೆ ಕುಡಿದು ಇನ್ನಷ್ಟು ಭಾರವಾಗಿತ್ತು. ಕತ್ತಲಾಗುವ ಮೊದಲು ಅವನು ಊರು ಸೇರಬೇಕು.

"ಚೆನ್ನಾಗಿ ಕತೆ ಕಟ್ತೀಯ ಅಜ್ಜಿ," ಎಂದ. "ಹೊಸಬರಿಗೆಲ್ಲ ಹಿಂಗೇ ಆಗುತ್ತೆ, ಸ್ಟಿಯರಿಂಗ್ ಕಡ್ಡಿ ತಾಗಿದ್ರೂ ದೆವ್ವ. ನಂಗೂ ಶುರುಶುರುವಿನಲ್ಲಿ ಏಟು ಬೀಳ್ತಿತ್ತು. ಎರಡು ಹಂಗಾಮಿಂದ ಏನೂ ಇಲ್ಲ."

ಹೇಳಿ ಅಜ್ಜಿಗೆ ಹೊರಡುತ್ತೇನೆಂದು ಎರಡೂ ಕೈ ಮುಗಿದ. ಅಜ್ಜಿ ಆ ಕೈಗಳನ್ನು ಹಿಡಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎಣ್ಣೆ ಕಲೆ ಬಿಟ್ಟರೆ ಒಂದು ಗೆರೆಯೂ ಇಲ್ಲ.

"ಇವತ್ತು ಇಲ್ಲೇ ಮಲ್ಕೋ ಮಗ," ಎಂದಳು. ಅವಳ ದನಿಯಲ್ಲಿ ಬೈಗುಳವೇ ಇರಲಿಲ್ಲ.

"ನಾಳೆ ಲೋಡಿಗೆ ನೀನು ಹೋಗ್ತೀಯಾ?" ಎಂದು ಬಂಚೊಂಗ್ ನಕ್ಕು, ಟವೆಲನ್ನು ತಲೆಗೆ ಹಾಕಿಕೊಂಡು ಮಳೆಯಲ್ಲಿ ಓಡಿದ.

"ಅಣ್ಣ, ನಿಂತ್ಕೋ," ಎಂದು ಥವತ್ ಕೂಗಿದ. ಥವತ್‌ನ ಲಾರಿ ಬೆಳಗಾಗುವ ತನಕ ಸಾಲು ಬಿಟ್ಟು ಅಲ್ಲಾಡುವಂತಿರಲಿಲ್ಲ. ಕೀಲಿಕೈಯನ್ನು ಪಕ್ಕದವನ ಕೈಗೆ ತುರುಕಿ, ಕೆಸರಲ್ಲಿ ಜಾರುತ್ತ ಹೋಗಿ ಅಣ್ಣನ ಲಾರಿಯ ಎಡಗಡೆ ಬಾಗಿಲು ತೆರೆದು ಹತ್ತಿದ.

"ನೀನ್ಯಾಕೋ?"

"ಸುಮ್ನೆ ಹೊಡಿ ನೀನು."

ಅಜ್ಜಿ ನೆನೆಯುತ್ತಲೇ ಕಿಟಕಿಯ ಹತ್ತಿರ ಬಂದಿದ್ದಳು. ಇಂಜಿನ್ ಶಬ್ದದಲ್ಲಿ ಅಣ್ಣನಿಗೆ ಕೇಳದಂತೆ ಥವತ್‌ನ ಕಿವಿಗೆ ಹೇಳಿದಳು.

"ತಿರುವಲ್ಲಿ ಅವನು ಕೈ ಎತ್ತಿದ ತಕ್ಷಣ ನೀನು ಹಿಡಿದು ಒತ್ತು. ನಿನ್ನ ಕೈ ಮೇಲೆ ಇನ್ನೊಂದು ಕೈ ಬಿದ್ರೆ ಹೆದರ್ಬೇಡ, ಆಮೇಲೆ ಎಲ್ಲಾನೂ ಅವಳೇ ನೋಡ್ಕೋತಾಳೆ. ಬೀಳ್ಲಿಲ್ಲ ಅಂದ್ರೆ... ಅಣ್ಣ ಅಂತ ನೋಡ್ಬೇಡ ಮಗ, ಬಾಗಿಲು ತೆಗೆದು ಹಾರ್ಕೋ. ಅವತ್ತು ಸಂಗ್ವಿಯನ್ ಪಕ್ಕದಲ್ಲಿ ಕೂತು ಅವನ ಜೊತೆಗೇ ಕಾಲುವೆಗೆ ಹೋದೋನೂ ಒಳ್ಳೇ ಹುಡುಗ್ನೇ."

ಲಾರಿ ಗೇಟು ದಾಟಿ ಡಾಂಬರು ರಸ್ತೆಗೆ ಏರಿತು. ಬಂಚೊಂಗ್ ಮುಂದಿದ್ದ ಫೋನಿನಲ್ಲಿ ಹಾಡು ಹುಡುಕುತ್ತಿದ್ದ. ಥವತ್ ಒಂದು ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಅಣ್ಣನ ಕಡೆ ಚಾಚಿಕೊಂಡು ಕುಳಿತ.