ಮೂರನೆಯ ತಟ್ಟು

“ಅವನ ಗಾಡೀಲೂ ಕಂಬಿಗೆ ನಾಣ್ಯದಿಂದ ಎರಡು ಸಲ ತಟ್ತೀಯಾ?”

ಅಲೆಕ್ಸಾಂಡ್ರಿಯಾದ ಟ್ರಾಂ ನಿಲ್ದಾಣದ ಚಹಾದಂಗಡಿಯಲ್ಲಿ ಕೇಳಿದವನು ಚಾಲಕ ಅಬ್ದ್‌ರಬ್ಬೊ. ಟ್ರಾಂ ಕಾಯುತ್ತಿದ್ದ ನಗಾತ್ ಕುಂಬಳಬೀಜ ಜಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

“ಗಾಡಿ ಹೊರಡಬೇಕಲ್ಲ ಉಸ್ತಾ, ತಟ್ಟದೆ ಏನ್ಮಾಡ್ಲಿ?” ಎಂದ ಕಂಡಕ್ಟರ್ ಮಿತ್ವಲ್ಲಿ, ಅಲ್ಲಿ ಚಾಲಕರನ್ನು ಎಲ್ಲರೂ ಗೌರವದಿಂದ ಕರೆಯುವ ಹಾಗೆ.

“ಅದು ನಾವಿಬ್ರೂ ಮಾಡ್ಕೊಂಡಿದ್ದ ಗುರುತು.”

“ಜೋಡಿ ಮುರಿದಿದ್ದು ನಾನಲ್ಲ, ಪಾಳಿ ಹಾಕೋ ಕಂಪ್ಯೂಟರು. ಯಾರೂ ಸುಮ್ನೆ ಕೂರಬಾರದು, ಖಾಲಿ ಇದ್ದೋರನ್ನ ಸಿಕ್ಕಿದ ಗಾಡಿಗೆ ಹತ್ತಿಸು ಅನ್ನೋದು ಅದರ ಲೆಕ್ಕ.”

“ಅದಕ್ಕೆ ಆ ಜಕರಿಯಾನೇ ಸಿಕ್ಕಿದ್ನಾ? ಅವನು ಬ್ರೇಕ್ ಹಾಕಿದ್ರೆ ಮುದುಕೀರು ಪಕ್ಕದೋರ ಮಡಿಲಿಗೆ ಬೀಳ್ತಾರೆ.”

“ಒಳ್ಳೆಯವನು ಉಸ್ತಾ. ದಿನಾ ಬೆಳಿಗ್ಗೆ ನಂಗೂ ರೊಟ್ಟಿ ತರ್ತಾನೆ.”

“ಉಪ್ಪಿನಕಾಯಿ?”

“ಅದೂ ತರ್ತಾನೆ.”

ಅಬ್ದ್‌ರಬ್ಬೊ ಲೋಟ ಕೆಳಗಿಟ್ಟ. “ಇಬ್ರೂ ಕೇಳಿದ್ರೆ ಹಳೇ ಜೋಡಿ ವಾಪಸ್ ಕೊಡ್ತಾರಂತೆ. ಇವತ್ತೇ ಕಡೇ ದಿನ. ನಾನು ಕೇಳಿದೀನಿ.”

ಮಿತ್ವಲ್ಲಿ ಹಳಿಯ ಕಡೆ ನೋಡಿದ. “ಹೊಸ ಪಾಳೀಲಿ ಮಧ್ಯಾಹ್ನದೂಟಕ್ಕೆ ಮನೇಲಿರ್ತೀನಿ. ಮಗಳು ಊಟ ಮಾಡದೆ ಕಾಯ್ತಾಳೆ.”

“ಮಗಳ ಮಾತೆತ್ತಿದ್ರೆ ನಾನೇನು ಹೇಳ್ಲಿ.” ಅಬ್ದ್‌ರಬ್ಬೊ ಲೋಟ ಮತ್ತೆ ಎತ್ತಿಕೊಂಡ. “ಜಕರಿಯಾಗೆ ಮೂರು ಸಲ ತಟ್ಟು. ಎರಡು ನಮ್ಮದೇ ಇರ್ಲಿ.”

“ಅವನಿಗೆ ಅರ್ಥ ಆಗಲ್ಲ.”

“ಕಲೀಲಿ.”

ಜಕರಿಯಾನ ಟ್ರಾಂ ಬಂತು. ಮಿತ್ವಲ್ಲಿಯ ಹಿಂದೆಯೇ ನಗಾತ್ ಹತ್ತಿದಳು. ಕಂಬಿಯ ಮೇಲೆ ನಾಣ್ಯ ಎರಡು ಸಲ ಸದ್ದು ಮಾಡಿತು. ಕಿಟಕಿಯಾಚೆ ಬೆಂಚಿನಲ್ಲಿದ್ದ ಅಬ್ದ್‌ರಬ್ಬೊನ ಕೈ, ಅಲ್ಲಿಲ್ಲದ ಟ್ರಾಂ ಹಿಡಿಯನ್ನು ತಾನಾಗಿಯೇ ಮುಂದಕ್ಕೆ ತಿರುಗಿಸಿತು.

ಆಮೇಲೆ ಮಿತ್ವಲ್ಲಿ ಮೂರನೆಯದನ್ನೂ ತಟ್ಟಿದ.