ಯಾವ ಗುಂಪು ಮುಂದ

ಶಹಾಪುರ ಬಸ್ ನಿಲ್ದಾಣದಲ್ಲಿ ಮಗಳಿಗೆ ಜಡೆ ಹೆಣೆಯುತ್ತಿದ್ದ ದೇವಕಮ್ಮನ ಕಿವಿ ಪಕ್ಕದ ಬೆಂಚಿನತ್ತ ವಾಲಿತು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಭೀಮಾಬಾಯಿ, ಹಾಸ್ಟೆಲಿನ ಇಂಟರ್‌ನೆಟ್ ಲೈನ್ ನೋಡಿಕೊಳ್ಳುವ ಪಂಪಣ್ಣನನ್ನು ಹಿಡಿದು ಕೂರಿಸಿದ್ದರು.

“ಪಾಠದ ಸೈಟಿಗೆ ಮೊದಲು ಲೈನ್ ಬಿಡು ಅಂದಿದ್ದೆ. ಸಿನಿಮಾ ಹಾಡು ಓಡಾಕತ್ತಾವ, ಪಾಠ ನಿಂತು ನಿಂತು ಬರಾಕತ್ತದ. ನಾಳಿ ವಿಜ್ಞಾನ ಪರೀಕ್ಷಿ ಅದ, ಪಂಪಣ್ಣ!”

“ಸೈಟಿನ ಹೆಸರು ನೋಡಿ ಎರಡು ಗುಂಪು ಮಾಡೀನ್ರಿ ಅಕ್ಕಾರ. ಪಾಠದ್ದು ಮುಂದ, ಹಾಡಿಂದು ಹಿಂದ. ಕಾಲುವಿ ನೀರಿನ ಪಾಳಿ ಇದ್ದಂಗ.”

“ಮತ್ತ ಹಾಡು ಹೆಂಗ ಮುಂದ ಬಂದ್ವು?”

“ನೀವು ಪ್ರವಚನ ಕೇಳೋ ಸೈಟೂ ಪಾಠದ ಗುಂಪಿಗೆ ಹಾಕು ಅಂದ್ರಲ್ರಿ. ಹಾಡೂ ಅದರಾಗೇ ಬರ್ತಾವ.”

“ಬರೇ ಪ್ರವಚನ ಮುಂದ ಬಿಡು.”

“ಆಗಂಗಿಲ್ರಿ. ಒಂದು ಹೆಸರು ಸೇರಿಸಿದ್ರ ಪೂರಾ ಸೈಟೇ ಮುಂದ ಹೋಗ್ತದ.”

ದೇವಕಮ್ಮನ ಕೈ ಜಡೆಯಲ್ಲೇ ನಿಂತಿತು.

“ತೆಗಿ ಅದನ್ನ, ಈಗಲೇ. ಪ್ರವಚನ ನಾ ಮಠಕ್ಕ ಹೋಗಿ ಕೇಳ್ತೇನಿ.”

ಪಂಪಣ್ಣ ಮೊಬೈಲ್ ಒತ್ತಿದ. “ಆತ್ರಿ, ಪಾಠ ಓಡ್ತದ. ಏನಾಗಿತ್ತು ಅಂತ ಹುಡುಗ್ಯಾರು ಕೇಳಿದ್ರ?”

“ಲೈನ್ ಕೆಟ್ಟಿತ್ತು ಅನ್ನು.”

ಸುರಪುರದ ಬಸ್ಸು ಬಂದದ್ದೇ ತಡ, ಸೆರಗು ತಲೆಗೆಳೆದುಕೊಂಡು ಭೀಮಾಬಾಯಿ ಹತ್ತಿಯೇಬಿಟ್ಟರು.